ಅಜ್ಜಿ ಸುಮ್ಮನಾದ ಹೊತ್ತು

"ಫೋನ್ ಹಚ್ಚದಿದ್ರ ಉಣ್ಣಾಕ ಬಾಯೇ ತೆರಿಯಂಗಿಲ್ರಿ ಸರ್." ರಾಯಚೂರಿನ ನನ್ನ ಕ್ಲಿನಿಕ್ಕಿನಲ್ಲಿ ಬೇಸಿಗೆ ಬಂತೆಂದರೆ ಈ ಮಾತು ದಿನಾ ಕೇಳುತ್ತೇನೆ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಮಗು ಮನೆಯೊಳಗೆ, ಕೈಯಲ್ಲಿ ಫೋನು.

ಈ ಸಲ ಹೇಳಿದ್ದು ಒಬ್ಬ ಅಜ್ಜಿ. ಮೊಮ್ಮಗನಿಗೆ ಎರಡೂವರೆ ವರ್ಷ. ಇಂಗ್ಲಿಷ್ ರೈಮ್ ಪೂರ್ತಿ ಹಾಡುತ್ತಾನೆ. ಬಾಯಾರಿದರೆ ಮಾತ್ರ "ನೀರು" ಎನ್ನುವುದಿಲ್ಲ, ಅಜ್ಜಿಯ ಕೈ ಹಿಡಿದು ಕೊಡದ ಹತ್ತಿರ ಎಳೆಯುತ್ತಾನೆ.

ನನ್ನೆದುರೇ ಉಣಿಸಲು ಹೇಳಿದೆ. ಡಬ್ಬಿಯಲ್ಲಿ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯಿತ್ತು. ಫೋನ್ ಹಚ್ಚಿದ್ದೇ ತಡ, ಹುಡುಗನ ಕಣ್ಣು ಅಲ್ಲೇ ನೆಟ್ಟಿತು. ತುತ್ತು ತುಟಿಗೆ ತಾಗಿದಾಗ ಬಾಯಿ ತೆರೆಯಿತು, ಅಷ್ಟೇ. ಏನು ತಿಂದೆ, ಹೊಟ್ಟೆ ತುಂಬಿತೇ ಎಂಬುದು ಅವನ ಗಮನಕ್ಕೇ ಬರಲಿಲ್ಲ. ನಾನು ನೋಡಿದ ಇನ್ನೊಂದು ಸಂಗತಿ: ಒಳಗೆ ಬಂದಾಗಿನಿಂದ ಬಾಯಿತುಂಬ ಮಾತಾಡುತ್ತಿದ್ದ ಅಜ್ಜಿ ಆ ಹತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ನನಗೆ ಚಿಂತೆಯಿರುವುದು ಇದರ ಬಗ್ಗೆಯೇ. "ಇದು ರೊಟ್ಟಿ, ಬಿಸಿ ಐತಿ, ಉಫ್ ಅನ್ನು" ಎಂಬ ಮಾತಿಗೆ ಮಗು ತಿರುಗಿ ನೋಡಿ ಏನಾದರೂ ಗೊಣಗಬೇಕು, ಅದಕ್ಕೆ ಅಜ್ಜಿ ಮತ್ತೆ ಉತ್ತರಿಸಬೇಕು. ಮಾತೂ ಗಮನವೂ ಬೆಳೆಯುವುದು ಹೀಗೆ.

2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 9 ತಿಂಗಳ ಕೂಸುಗಳ ಜೊತೆ 12 ಸಲ ಚೀನೀ ಭಾಷೆಯಲ್ಲಿ ಮಾತಾಡಿದರು. ಎದುರು ಕೂತು ಆಡಿಸಿದಾಗ ಆ ಭಾಷೆಯ ಧ್ವನಿಗಳನ್ನು ಕೂಸುಗಳು ಗುರುತಿಸಲು ಕಲಿತವು. ಅದನ್ನೇ ವಿಡಿಯೊದಲ್ಲಿ ತೋರಿಸಿದಾಗ ಕಲಿಯಲಿಲ್ಲ.

"ಫೋನ್ ನೋಡುವಾಗ ತಾಸುಗಟ್ಟಲೆ ಕೂಡ್ತಾನ, ಗಮನ ಚೊಲೊ ಐತಲ್ರಿ" ಎನ್ನುವವರಿದ್ದಾರೆ. ಅಲ್ಲಿ ಗಮನವನ್ನು ಹಿಡಿದಿಟ್ಟಿರುವುದು ಕ್ಷಣಕ್ಕೊಮ್ಮೆ ಬದಲಾಗುವ ಚಿತ್ರ. ಚಮಚೆಯಿಂದ ಬೋಗುಣಿ ಬಡಿಯುತ್ತ ಕೂತ ಮಗು ತನ್ನ ಗಮನವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ.

ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಸಂಘ. ದುಡಿಯಲು ಬೆಂಗಳೂರಿಗೆ ಹೋದ ಅಪ್ಪನ ವಿಡಿಯೊ ಕಾಲ್ ನಿಲ್ಲಿಸಬೇಡಿ. ಅಲ್ಲಿ ಮಗುವಿನ ಮಾತಿಗೆ ಉತ್ತರ ಕೊಡುವವರಿದ್ದಾರೆ.

ಆದರೆ ಮಾತು ತಡವಾದದ್ದಕ್ಕೆಲ್ಲ ಫೋನನ್ನೇ ದೂರಿ ಕೂಡಬಾರದು. ಕಿವಿ ಸರಿಯಾಗಿ ಕೇಳುತ್ತಿದೆಯೇ, ಆಟಿಸಂ ಲಕ್ಷಣಗಳಿವೆಯೇ ಎಂದು ನೋಡಲೇಬೇಕು. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮವಾದ ಆರ್‌ಬಿಎಸ್‌ಕೆಯಿಂದ ಅಂಗನವಾಡಿಗೆ ಬರುವ ವೈದ್ಯರ ತಂಡಕ್ಕೂ ತೋರಿಸಬಹುದು. ಈ ಹುಡುಗನಿಗೂ ಕಿವಿ ಪರೀಕ್ಷೆಗೆ ಬರೆದುಕೊಟ್ಟೆ. ಮೊದಲು ಮಧ್ಯಾಹ್ನದ ಊಟಕ್ಕೆ ಮಾತ್ರ ಫೋನ್ ಬಿಡಿಸಿ, ಅಳುತ್ತಾನೆ, ಹೆದರಬೇಡಿ ಎಂದೆ.

ನಾಲ್ಕನೇ ದಿನ ಅಜ್ಜಿಯ ಕರೆ ಬಂತು. "ಅಳಕೋತ ಅರ್ಧ ರೊಟ್ಟಿ ತಿಂದಾನ್ರಿ. ನನ್ನ ಬಾಯಾಗೂ ಒಂದು ತುತ್ತು ಇಟ್ಟ."