‘ನೈಸರ್ಗಿಕ ಕೆರೆ’ ಎಂಬುದೊಂದಿಲ್ಲ

‘ನಮ್ಮ ನೈಸರ್ಗಿಕ ಕೆರೆಗಳನ್ನು ಉಳಿಸೋಣ.’ ಫಲಕಗಳಲ್ಲಿ, ಸುದ್ದಿಯ ತಲೆಬರಹಗಳಲ್ಲಿ, ಮನವಿ ಪತ್ರಗಳಲ್ಲಿ ಈ ಸಾಲು ಪದೇ ಪದೇ ಎದುರಾಗುತ್ತದೆ. ಉಳಿಸಬೇಕೆಂಬ ಕಾಳಜಿ ಒಪ್ಪತಕ್ಕದ್ದೇ. ಆದರೆ ಕೆರೆಗೆ ‘ನೈಸರ್ಗಿಕ’ ಎಂಬ ವಿಶೇಷಣ ಒಗ್ಗುವುದಿಲ್ಲ. ‘ನೈಸರ್ಗಿಕ ಅಣೆಕಟ್ಟು’ ಎಂದು ಯಾರೂ ಹೇಳುವುದಿಲ್ಲವಲ್ಲ, ಇದೂ ಹಾಗೆಯೇ. ತಪ್ಪು ಮಾತಿನಲ್ಲೇ ಉಳಿದಿದ್ದರೆ ಸುಮ್ಮನಿರಬಹುದಿತ್ತು. ಈಗ ಅದರ ಮೇಲೆ ಅಂದಾಜುಪಟ್ಟಿ ತಯಾರಾಗಿ ಜೆಸಿಬಿಗಳು ಕೆರೆಗೆ ಇಳಿಯುತ್ತಿವೆ.

ಪದದಿಂದಲೇ ಶುರುಮಾಡೋಣ. ಹಳಗನ್ನಡದಲ್ಲಿ ಇದು ‘ಕೆಱೆ’. ತಮಿಳಿನ ‘ಚಿಱೈ’, ಮಲಯಾಳದ ‘ಚಿಱ’, ತೆಲುಗಿನ ‘ಚೆಱುವು’ ಇದರ ಒಡಹುಟ್ಟುಗಳು. ಇ, ಎ ಸ್ವರಗಳ ಮುಂದೆ ಕನ್ನಡ ಉಳಿಸಿಕೊಂಡ ಕಕಾರ ತಮಿಳು, ತೆಲುಗುಗಳಲ್ಲಿ ಚಕಾರವಾಗುತ್ತದೆ. ನಮ್ಮ ‘ಕಿವಿ’ ಅವರ ‘ಚೆವಿ’ ಆದದ್ದು ಹೀಗೆ. ತಮಿಳಿನ ‘ಚಿಱೈ’ಗಿರುವ ಅರ್ಥಗಳನ್ನು ಸಾಲಾಗಿ ನೋಡಿ: ಅಣೆ, ತಡೆ, ಕಾವಲು, ಬಂಧನ, ಸೆರೆಮನೆ. ತೆಲುಗಿನ ‘ಚೆಱ’ ಎಂದರೆ ಬಂಧನ. ನಮ್ಮ ‘ಸೆರೆ’ ಕೂಡ ಇದೇ ಬೇರಿನದು. ಅಂದರೆ ಕೆರೆ ಮತ್ತು ಸೆರೆ ದಾಯಾದಿಗಳು. ಹರಿದು ಹೋಗುವ ನೀರನ್ನು ಅಡ್ಡಗಟ್ಟಿ ಹಿಡಿದಿಟ್ಟರೆ ಅದು ಕೆರೆ. ಈ ಹೆಸರು ಹುಟ್ಟಿದ್ದು ತಡೆಯಿಂದ, ನೀರಿನಿಂದಲ್ಲ.

ತಮಿಳಿನ ‘ಏರಿ’ಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ನಮಗೆ ಏರಿ ಎಂದರೆ ಕೆರೆಯ ಕಟ್ಟೆ. ತಮಿಳರಿಗೆ ಇಡೀ ಕೆರೆಯೇ ‘ಏರಿ’. ಏರಿ ಇಲ್ಲದೆ ಕೆರೆ ಇಲ್ಲ ಎಂಬ ತಿಳಿವಳಿಕೆ ಎರಡೂ ಕಡೆ ಇತ್ತು.

ಜೊತೆಗೆ ಬರುವ ಕ್ರಿಯಾಪದಗಳನ್ನೂ ಗಮನಿಸಬೇಕು. ಬಾವಿ ತೋಡಿಸುತ್ತೇವೆ, ಹೊಂಡ ಅಗೆಸುತ್ತೇವೆ, ಕೆರೆಯನ್ನು ಮಾತ್ರ ಕಟ್ಟಿಸುತ್ತೇವೆ. ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿ ಹಾಲೂಡುತ್ತಾ ಮಗುವಿನ ಕಿವಿಯಲ್ಲಿ ಹೇಳಿದ ಮಾತು ‘ಕೆರೆಯಂ ಕಟ್ಟಿಸು’ ಎಂದೇ ಶುರುವಾಗುತ್ತದೆ. ಇನ್ನು, ಕೆರೆ ಒಡೆಯುತ್ತದೆ. ಕಟ್ಟದೇ ಇದ್ದದ್ದು ಒಡೆಯುವುದಾದರೂ ಹೇಗೆ?

ತಾನಾಗಿ ಆದದ್ದಕ್ಕೆ ‘ಸರೋವರ’ ಎಂಬ ಮಾತಿದೆ. ಹಿಮನದಿ ಕೊರೆದ ತಗ್ಗಿನಲ್ಲಿ, ನೆಲ ಕುಸಿದ ಕಡೆ, ಉಲ್ಕೆ ಬಿದ್ದ ಕುಳಿಯಲ್ಲಿ ಸರೋವರಗಳಾಗುತ್ತವೆ. ಮಹಾರಾಷ್ಟ್ರದ ಲೋಣಾರ್ ಉಲ್ಕೆಯಿಂದ ಆದದ್ದು. ನಮ್ಮ ಬಯಲುಸೀಮೆಯ ನೆಲ ಬಹಳ ಹಳೆಯದು, ಸವೆದು ಸವೆದು ಒಂದೇ ದಿಕ್ಕಿಗೆ ವಾಲಿಕೊಂಡದ್ದು. ಬಿದ್ದ ಮಳೆ ನಿಲ್ಲದೆ ಹಳ್ಳ ಸೇರಿ ಹೋಗಿಬಿಡುತ್ತದೆ. ಕೆಳಗೆ ಗಟ್ಟಿ ಬಂಡೆ ಇರುವುದರಿಂದ ನೀರು ಇಂಗಿ ಕೂರಲು ಬಿರುಕುಗಳಷ್ಟೇ ಜಾಗ. ಮಳೆಯೂ ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ. ಇಂಥ ಕಡೆ ಊರು ನಿಲ್ಲಬೇಕಾದರೆ ಮೊದಲು ನೀರು ನಿಲ್ಲಬೇಕಿತ್ತು. ಕದಂಬರ ಕಾಕುತ್ಸ್ಥವರ್ಮ ಕೆರೆ ಕಟ್ಟಿಸಿದ್ದನ್ನು 5ನೇ ಶತಮಾನದ ತಾಳಗುಂದ ಸ್ತಂಭಶಾಸನ ಹೇಳುತ್ತದೆ. ಹಳೇಬೀಡು ರಾಜಧಾನಿಯಾಗಿದ್ದಾಗಿನ ಹೆಸರು ‘ದೋರಸಮುದ್ರ’. ಅಲ್ಲಿನ ‘ಸಮುದ್ರ’ ಕೆರೆಯೇ. ಇಂದು ಕರ್ನಾಟಕದಲ್ಲಿ ಎಣಿಸಿದರೆ ಸಿಗುವ ಸುಮಾರು 36 ಸಾವಿರ ಕೆರೆಗಳ ಹಿಂದೆ ಇರುವುದು ಮಣ್ಣು ಹೊತ್ತ ಜನರ ಬೆವರು. ಅವನ್ನು ನಿಸರ್ಗದ ಕೊಡುಗೆ ಎಂದು ಕರೆದರೆ ಆ ದುಡಿಮೆಯ ಲೆಕ್ಕವೇ ಅಳಿಸಿಹೋಗುತ್ತದೆ.

ಆ ದುಡಿಮೆ ಎಷ್ಟೆಂಬುದಕ್ಕೆ 1369ರ ಪೋರುಮಾಮಿಳ್ಳ ಶಾಸನ ಸಾಕು. ಇಂದಿನ ಕಡಪ ಜಿಲ್ಲೆಯ ಆ ಕೆರೆಯನ್ನು ಕಟ್ಟಿಸಿದವನು ಬುಕ್ಕರಾಯನ ಮಗ ಭಾಸ್ಕರ. ದಿನಕ್ಕೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಬಂಡಿ, ಒಟ್ಟು ಎರಡು ವರ್ಷ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆಡಿಸುವ 6 ದೋಷಗಳನ್ನೂ ಅದರಲ್ಲಿ ಕೊರೆದಿದ್ದಾರೆ. ಗುಡ್ಡಗಳ ನಡುವೆ ತೀರಾ ಉದ್ದವಲ್ಲದ ಗಟ್ಟಿ ಏರಿ, ವಿಶಾಲವೂ ಆಳವೂ ಆದ ಅಂಗಳ (ಕೆರೆಯೊಳಗೆ ನೀರು ನಿಲ್ಲುವ ನೆಲ), ಹತ್ತಿರದಲ್ಲೇ ಕಲ್ಲಿನ ಗಣಿ, ಬಲ್ಲ ಕೆಲಸಗಾರರು ಇವೆಲ್ಲ ಅಂಗಗಳು. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ಆಮೆಯ ಬೆನ್ನಿನಂತೆ ದಿಬ್ಬ, ಕಡಿಮೆ ನೀರಿಗೆ ಹೆಚ್ಚು ಗದ್ದೆ, ಹೆಚ್ಚು ನೀರಿಗೆ ಕಡಿಮೆ ಜಾಗ ಇವು ದೋಷಗಳು. ಗಡಿಯ ಕೆರೆಯನ್ನು ದೋಷದ ಪಟ್ಟಿಗೆ ಸೇರಿಸಿದವರಿಗೆ ನೀರಿನ ಜಗಳ ಚೆನ್ನಾಗಿಯೇ ಗೊತ್ತಿತ್ತು.

ನೋಡಿದವರು ಸರೋವರವೆಂದೇ ನಂಬುವ ಕೆರೆಯೊಂದಿದೆ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಥವಾ ಶಾಂತಿಸಾಗರ. ನೀರು ಹರಡುವುದು ಸುಮಾರು 6,500 ಎಕರೆಗೆ. ಏರಿ ಮಾತ್ರ ಸುಮಾರು ಸಾವಿರ ಅಡಿ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡ ಹಾಕಿದ್ದಾರೆ, ಉಳಿದ ಮೂರು ಕಡೆ ನೆಲವೇ ನೀರನ್ನು ಹಿಡಿದುಕೊಂಡಿದೆ. ಜಾಗ ಆರಿಸಿದವರ ಜಾಣತನವೇ ಇಲ್ಲಿ ‘ನೈಸರ್ಗಿಕ’ವಾಗಿ ಕಾಣುತ್ತದೆ.

ಕೆರೆಯ ರಚನೆ ತಿಳಿಯಲು ಈ ಮಾತೇ ಮುಖ್ಯ: ಏರಿ ಇರುವುದು ಇಳಿಜಾರಿನ ಕೆಳಬದಿಯಲ್ಲಿ ಮಾತ್ರ. ಮೇಲ್ಬದಿ ತೆರೆದಿರುತ್ತದೆ, ನೀರು ಅಲ್ಲಿಂದ ಹಾಳೆಯಂತೆ ಹರಡಿ ಬರುತ್ತದೆ. ಏರಿಯ ಬುಡದಲ್ಲಿ ಆಳ ಹೆಚ್ಚು, ಹಿನ್ನೀರಿನ ಕಡೆ ಮೊಣಕಾಲುದ್ದವೂ ಇರುವುದಿಲ್ಲ. ಸರೋವರದ ಚಿತ್ರವನ್ನು ತಲೆಯಲ್ಲಿ ಇಟ್ಟುಕೊಂಡವರು ‘ಅಭಿವೃದ್ಧಿ’ಗೆ ಇಳಿದಾಗ ಸುತ್ತಲೂ ಮಣ್ಣು ಏರಿಸಿ, ಅದರ ಮೇಲೆ ನಡಿಗೆಯ ದಾರಿ ಹಾಕುತ್ತಾರೆ. ಆಗ ಹರಡಿ ಬರುತ್ತಿದ್ದ ನೀರು ಹೊರಗೇ ನಿಂತು ಮೇಲಿನ ಬಡಾವಣೆಗೆ ನುಗ್ಗುತ್ತದೆ. ಮಣ್ಣನ್ನು ತಡೆದು ನೀರನ್ನು ತಿಳಿಯಾಗಿಸುತ್ತಿದ್ದ ಜೊಂಡು, ಹಕ್ಕಿಗಳು ಕಾಲೂರಿ ಮೇಯುತ್ತಿದ್ದ ತೆಳುನೀರು ಎರಡೂ ಹೋಗುತ್ತವೆ. ಉಳಿಯುವುದು ಒಂದು ಬೋಗುಣಿ.

ಕೆರೆಯ ನೀರನ್ನು ಹೊರಬಿಡುವ ತೂಬನ್ನೂ ಹೀಗೆಯೇ ತಪ್ಪಾಗಿ ತಿಳಿಯುವುದುಂಟು. ಹಳೆಯ ಕೆರೆಗಳಲ್ಲಿ ಏರಿಯಿಂದ ಸ್ವಲ್ಪ ಒಳಗೆ, ನೀರಿನಲ್ಲಿ, ಬಾಗಿಲ ಚೌಕಟ್ಟಿನಂತೆ ಎರಡು ಕಲ್ಲುಕಂಬ ನಿಂತಿರುತ್ತವೆ. ಅದು ಮುಳುಗಿದ ಮಂಟಪವಲ್ಲ, ತೂಬು. ಕಂಬಗಳ ನಡುವಿನ ಅಡ್ಡಪಟ್ಟಿಯಲ್ಲಿ ತೂತು, ತೂತಿನೊಳಗೆ ಇಳಿದ ಮರದ ಗಳು (ಉದ್ದನೆಯ ಕೋಲು), ಗಳುವಿನ ತುದಿಯಲ್ಲಿ ಬಿರಡೆ, ಬಿರಡೆಯ ಕೆಳಗೆ ಹಾಸುಗಲ್ಲಿನ ಕಂಡಿ. ನೀರು ಬಿಡುವ ಹೊಣೆಯ ನೀರುಗಂಟಿ ಗಳುವನ್ನು ಎತ್ತಿದಷ್ಟು ನೀರು ಏರಿಯ ಅಡಿಯ ಕಲ್ಲುಗಾಲುವೆಯಲ್ಲಿ ಹಾದು ಅಚ್ಚುಕಟ್ಟಿಗೆ, ಅಂದರೆ ಕೆರೆಯ ಕೆಳಗಿನ ಗದ್ದೆಗಳಿಗೆ ಇಳಿಯುತ್ತದೆ.

ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ದಾರಿಯಾದ ಕೋಡಿಯ ವಿಷಯದಲ್ಲಿ ಮಾತು ಇನ್ನಷ್ಟು ಎಚ್ಚರವಾಗಿರಬೇಕು. ಕೋಡಿ ಬಿದ್ದರೆ ಊರಿಗೆ ಹಬ್ಬ, ಏರಿ ಒಡೆದರೆ ಅನಾಹುತ. ಎರಡನ್ನೂ ಬೆರೆಸಿ ‘ಕೋಡಿ ಒಡೆದು ನೀರು ನುಗ್ಗಿತು’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹೆಚ್ಚಾದ ನೀರು ಏರಿಗೆ ತಾಗದೆ ಹೊರಹೋಗಲೆಂದೇ ಕೋಡಿಯನ್ನು ಏರಿಗಿಂತ ತಗ್ಗಾಗಿ ಇಟ್ಟಿರುತ್ತಾರೆ. ಇನ್ನಷ್ಟು ನೀರು ನಿಲ್ಲಲಿ ಎಂದು ಮರಳಿನ ಚೀಲ ಪೇರಿಸಿ ಕೋಡಿ ಎತ್ತರಿಸಿದರೆ ಆ ಅಂತರ ಹೋಗುತ್ತದೆ. ದೊಡ್ಡ ಮಳೆಗೆ ನೀರು ಏರಿಯ ನೆತ್ತಿ ಹತ್ತಿ ಹೊರಮೈಯ ಮಣ್ಣನ್ನು ಕೊಚ್ಚತೊಡಗಿದರೆ ಮಣ್ಣಿನ ಏರಿ ಹೆಚ್ಚು ಹೊತ್ತು ತಾಳದು. ಏರಿಯ ಮೇಲೆ ಬೆಳೆದ ದೊಡ್ಡ ಮರವೂ ಅಪಾಯವೇ. ಮರ ಸತ್ತ ಮೇಲೆ ಬೇರು ಕೊಳೆತು ಆಗುವ ಟೊಳ್ಳಿನಲ್ಲಿ ನೀರು ದಾರಿ ಹುಡುಕುತ್ತದೆ.

ಕೋಡಿ ನೀರನ್ನು ಮುಂದಿನ ಕೆರೆಗೆ ಒಯ್ಯುವುದು ರಾಜಕಾಲುವೆ. ಅದನ್ನು ‘ಚರಂಡಿ’ ಎಂದು ಬರೆಯುವುದನ್ನು ದಯವಿಟ್ಟು ಬಿಡಿ.

ಬೆಂಗಳೂರಿನಲ್ಲಿ ಹೆಸರು ಎರಡು ಸಲ ಬದಲಾಯಿತು. ಇಂಗ್ಲಿಷ್ ಎಂಜಿನಿಯರುಗಳು ಕೆರೆಯನ್ನು ‘ಟ್ಯಾಂಕ್’ ಎಂದರು. 1882ರ ಸ್ಯಾಂಕಿ ಟ್ಯಾಂಕ್ ಇಂದಿಗೂ ಆ ಹೆಸರಲ್ಲೇ ಇದೆ. ಟ್ಯಾಂಕ್ ಎಂದಾಗ ಕಟ್ಟಿದ್ದೆಂಬ ಅರ್ಥವಾದರೂ ಉಳಿದಿತ್ತು. ಆಮೇಲೆ ಎಲ್ಲವೂ ‘ಲೇಕ್’ ಆದವು. ಲೇಕನ್ನು ಕನ್ನಡಕ್ಕೆ ತಿರುಗಿಸಿ ತಂದಾಗ ‘ನೈಸರ್ಗಿಕ’ವೂ ಬೆನ್ನಿಗೆ ಬಂತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ.

ಸರೋವರದ ಕಲ್ಪನೆಯಿಂದಲೇ ಹುಟ್ಟಿದ ಇನ್ನೊಂದು ತಪ್ಪೆಂದರೆ, ಬೇಸಿಗೆಯಲ್ಲಿ ನೀರಿಲ್ಲದ ಕೆರೆಯನ್ನು ‘ಸತ್ತ ಕೆರೆ’ ಎನ್ನುವುದು. ಮಳೆಗೆ ತುಂಬಿ, ಬೆಳೆಗೆ ಹರಿದು, ಬೇಸಿಗೆಗೆ ಬರಿದಾಗುವುದು ಕೆರೆಯ ವಾಡಿಕೆ. ಹೂಳೆತ್ತಲು ಸಿಗುವ ಹೊತ್ತೇ ಅದು. 100 ಎಕರೆ ಅಂಗಳದಲ್ಲಿ ಒಂದು ಅಂಗುಲ ಹೂಳು ಕೂತರೆ ಸುಮಾರು ಒಂದು ಕೋಟಿ ಲೀಟರ್ ನೀರಿನ ಜಾಗ ಹೋಯಿತೆಂದು ಲೆಕ್ಕ. ಎತ್ತಿದ ಹೂಳು ಹೊಲಕ್ಕೆ ಗೊಬ್ಬರ. ಆದರೆ ನುಣ್ಣನೆಯ ಕಪ್ಪು ಹೂಳು ಮುಗಿದು ಗರಸು (ಒರಟು ಜಲ್ಲಿಮಣ್ಣು) ಕಾಣತೊಡಗಿದ ಕೂಡಲೇ ಅಗೆತ ನಿಲ್ಲಿಸಬೇಕು, ಅದರ ಕೆಳಗಿರುವುದು ಮೂಲ ನೆಲ. ಏರಿಯ ಒಳಬುಡಕ್ಕಂತೂ ಯಂತ್ರ ಹಚ್ಚಲೇಬಾರದು. ಅಲ್ಲಿ ಗುಂಡಿ ಬಿದ್ದರೆ ಏರಿಗೆ ಒತ್ತಾಸೆ ತಪ್ಪುತ್ತದೆ, ನೀರು ಇಳಿಯುತ್ತಿದ್ದಂತೆ ನೆನೆದ ಒಳಮೈ ಕಲ್ಲುಕಟ್ಟಣೆಯ ಸಮೇತ ಆ ಗುಂಡಿಗೆ ಜಾರುತ್ತದೆ.