ಈಸ್ಟ್ರಡಯೋಲ್ ಎಲ್‌ಎಚ್ ಜೀನನ್ನು ತಗ್ಗಿಸುತ್ತದೋ, ಏರಿಸುತ್ತದೋ?

ತೀರ್ಥಹಳ್ಳಿ ಕಡೆಯ ನಮ್ಮ ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಬೆದೆಗೆ ಬಂದರೆ ಅಮ್ಮನಿಗೆ ಅದರ ಕೂಗಿನಲ್ಲೇ ಗೊತ್ತಾಗುತ್ತದೆ. ಬಾಲದ ಬುಡದಲ್ಲಿ ಮೊಟ್ಟೆಯ ಬಿಳಿಯಂಥ ಲೋಳೆ ಎಳೆಯಾಗಿ ಇಳಿದಿರುತ್ತದೆ. ರಕ್ತದಲ್ಲಿ ಅಂಡಾಶಯದ ಹಾರ್ಮೋನು ಈಸ್ಟ್ರಡಯೋಲ್ ಏರಿದ್ದರ ಗುರುತು ಅದು. ಆ ಹೊತ್ತಿಗೇ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಉಕ್ಕುತ್ತದೆ; ಅಂಡ ಬಿಡುಗಡೆ ಮಾಡಿಸುವ ಹಾರ್ಮೋನು ಅದು. ಆದರೆ ಪಠ್ಯಪುಸ್ತಕದಲ್ಲಿ ಇದನ್ನು ಹೇಳುವುದಕ್ಕೆ ಹಿಂದಿನ ಪುಟವೇ ‘ಈಸ್ಟ್ರಡಯೋಲ್ ಎಲ್‌ಎಚ್ ಅನ್ನು ತಗ್ಗಿಸುತ್ತದೆ’ ಎನ್ನುತ್ತದೆ. ಮೂರು ದಿನ ನಾನು ಸಿಕ್ಕಿಬಿದ್ದಿದ್ದು ಇಲ್ಲೇ.

ಮೊದಲು ಬೇಕಾದಷ್ಟು ಮಾತ್ರ. ಎಲ್‌ಎಚ್ ಮತ್ತು ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನು ಎಫ್‌ಎಸ್‌ಎಚ್, ಎರಡೂ ಎರಡೆರಡು ತುಂಡು (ಉಪಘಟಕ) ಸೇರಿದ ಪ್ರೋಟೀನುಗಳು: ಆಲ್ಫಾ ಎರಡಕ್ಕೂ ಒಂದೇ, ಬೀಟಾ ಬೇರೆ ಬೇರೆ. ಒಟ್ಟು ಮೂರು ಜೀನು. ಪಿಟ್ಯುಟರಿಗೆ ಮೇಲಿನಿಂದ ಆಜ್ಞೆ ಕೊಡುವ ಮಿದುಳಿನ ಭಾಗ ಹೈಪೋಥಾಲಮಸ್. ಅದು ಬಿಡುವ ಜಿಎನ್‌ಆರ್‌ಎಚ್ ಹಾರ್ಮೋನಿನ ಮಿಡಿತ ಬಿರುಸಾದರೆ ಎಲ್‌ಎಚ್ ಬೀಟಾಕ್ಕೆ ಅನುಕೂಲ, ನಿಧಾನವಾದರೆ ಎಫ್‌ಎಸ್‌ಎಚ್ ಬೀಟಾಕ್ಕೆ. ಮಿಡಿತವಿಲ್ಲದೆ ಎಡೆಬಿಡದೆ ಹರಿಸಿದರೆ ಎರಡೂ ಹಾರ್ಮೋನು ಕುಸಿಯುತ್ತವೆ. 1978ರಲ್ಲಿ ಶರೀರಕ್ರಿಯಾ ವಿಜ್ಞಾನಿ ನೋಬಿಲ್ ಅವರ ತಂಡ ರೀಸಸ್ ಕೋತಿಗಳಲ್ಲಿ ಇದನ್ನು ತೋರಿಸಿತು.

ಈಗ ನಾನು ಎಡವಿದ ಹೆಜ್ಜೆ. ಹೆಣ್ಣು ಇಲಿಯ ಅಂಡಾಶಯ ತೆಗೆದರೆ ಮೂರೂ ಜೀನುಗಳ ಎಂಆರ್‌ಎನ್‌ಎ (ಪ್ರೋಟೀನು ಕಟ್ಟಲು ಜೀನಿನಿಂದ ತೆಗೆದ ನಕಲು) ಏರುತ್ತದೆ. ಈಸ್ಟ್ರಡಯೋಲ್ ಕೊಟ್ಟರೆ ಇಳಿಯುತ್ತದೆ. ಹಾಗಾದರೆ ಈಸ್ಟ್ರಡಯೋಲ್ ನೇರವಾಗಿ ಜೀನಿನ ಬಾಯಿ ಮುಚ್ಚಿಸುತ್ತದೆ ಎಂದುಕೊಂಡೆ. ಅದು ತಪ್ಪು. ಅದೇ ಇಲಿಯ ಪಿಟ್ಯುಟರಿ ತುಣುಕುಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿಟ್ಟು ಈಸ್ಟ್ರಡಯೋಲ್ ಹಾಕಿದರೆ ಎಲ್‌ಎಚ್ ಬೀಟಾದ ನಕಲು ಹೆಚ್ಚುತ್ತದೆ. ಆ ಜೀನಿನ ಮುಂಭಾಗದಲ್ಲಿ ಈಸ್ಟ್ರೋಜನ್ ಗ್ರಾಹಕ (ಈಸ್ಟ್ರಡಯೋಲನ್ನು ಹಿಡಿಯುವ ಪ್ರೋಟೀನು) ಬಂದು ಕೂರುವ ಜಾಗವೂ ಇದೆ. ಅಂದರೆ ಇಡೀ ಪ್ರಾಣಿಯಲ್ಲಿ ಕಂಡ ಇಳಿತ ಬಹುಮಟ್ಟಿಗೆ ಮೇಲಿನಿಂದ ಬಂದದ್ದು: ಜಿಎನ್‌ಆರ್‌ಎಚ್ ಬಿಡುಗಡೆಯನ್ನು ತಳ್ಳುವ ಕಿಸ್‌ಪೆಪ್ಟಿನ್ ನರಕೋಶಗಳನ್ನು ಈಸ್ಟ್ರಡಯೋಲ್ ತಡೆಯಿತು, ಜಿಎನ್‌ಆರ್‌ಎಚ್ ಕಡಿಮೆಯಾಯಿತು, ಜೀನು ತಣ್ಣಗಾಯಿತು.

ತೋಟದ ಕೊನೆಯ ಸಾಲಿಗೆ ನೀರು ಬರದಿದ್ದರೆ ಅಪ್ಪ ಮೊದಲು ಕೆರೆಯ ತೂಬು ನೋಡಿ ಬರುತ್ತಾರೆ, ಆಮೇಲೆ ಸಾಲಿನ ಬಾಯಿ ಕೆದಕುತ್ತಾರೆ. ನಾನೀಗ ಪ್ರತಿ ಪ್ರಯೋಗದ ಪಕ್ಕ ಪೆನ್ಸಿಲ್ಲಿನಲ್ಲಿ ‘ತೂಬು’ ಅಥವಾ ‘ಸಾಲು’ ಎಂದು ಬರೆಯುತ್ತೇನೆ. ತೂಬು ಎಂದರೆ ಹೈಪೋಥಾಲಮಸ್, ಸಾಲು ಎಂದರೆ ಪಿಟ್ಯುಟರಿ. ಇಡೀ ಪ್ರಾಣಿಯಾದರೆ ಎರಡೂ ಬೆರೆತಿವೆ. ತಟ್ಟೆಯ ಕೋಶವಾದರೆ ಸಾಲು ಮಾತ್ರ. ಹೈಪೋಥಾಲಮಸ್ ಸಂಪರ್ಕ ಕಡಿದು ಹೊರಗಿನಿಂದ ಒಂದೇ ಲಯದಲ್ಲಿ ಜಿಎನ್‌ಆರ್‌ಎಚ್ ಕೊಟ್ಟಿದ್ದರೆ ತೂಬು ಕಟ್ಟಿಟ್ಟಂತೆ, ಕಂಡ ಬದಲಾವಣೆಯೆಲ್ಲ ಸಾಲಿನದೇ. ಪ್ರಾಣಿ ಯಾವುದು ಎಂದೂ ಬರೆದಿಡಿ. ಕುರಿಯ ಪಿಟ್ಯುಟರಿ ಕೋಶಗಳಲ್ಲಿ ಈಸ್ಟ್ರಡಯೋಲ್ ತಟ್ಟೆಯಲ್ಲೇ ಎಫ್‌ಎಸ್‌ಎಚ್ ಬೀಟಾವನ್ನು ಇಳಿಸುತ್ತದೆ. ಇಲಿಯ ಫಲಿತಾಂಶವನ್ನು ಅದರ ಮೇಲೆ ಹೇರಬಾರದು.

ಎಫ್‌ಎಸ್‌ಎಚ್ ಬೀಟಾಕ್ಕೆ ಇನ್ನಿಬ್ಬರು ಯಜಮಾನರಿದ್ದಾರೆ: ಆಕ್ಟಿವಿನ್ ಏರಿಸುತ್ತದೆ, ಅಂಡಾಶಯದ ಇನ್‌ಹಿಬಿನ್ ಅದಕ್ಕೆ ಅಡ್ಡ ಬರುತ್ತದೆ. ಅಂಡಾಶಯದ ಮತ್ತೊಂದು ಹಾರ್ಮೋನು ಪ್ರೊಜೆಸ್ಟರಾನ್ ಮುಖ್ಯವಾಗಿ ತೂಬಿನ ಕೆಲಸಗಾರ, ಮಿಡಿತವನ್ನು ನಿಧಾನಿಸುತ್ತದೆ.

ಇನ್ನು ಬೆದೆಯ ದಿನ. ಹಸುವಿನ ಸುಮಾರು 21 ದಿನದ ಚಕ್ರದ ಕೊನೆಗೆ ಪ್ರೊಜೆಸ್ಟರಾನ್ ಕುಸಿದಿರುತ್ತದೆ, ಈಸ್ಟ್ರಡಯೋಲ್ ಏರಿ ಕೆಲ ಕಾಲ ನಿಲ್ಲುತ್ತದೆ. ಆಗ ತಡೆ ಹೋಗಿ ತಳ್ಳು ಶುರು: ಜಿಎನ್‌ಆರ್‌ಎಚ್ ಉಕ್ಕುತ್ತದೆ, ಪಿಟ್ಯುಟರಿಯಲ್ಲಿ ಅದರ ಗ್ರಾಹಕಗಳೂ ಹೆಚ್ಚಿರುತ್ತವೆ. ತೂಬೂ ಸಾಲೂ ಒಟ್ಟಿಗೇ ತೆರೆಯುತ್ತವೆ. ಅಂಡ ಬಿಡುಗಡೆಗೆ ಅಲ್ಲಿಂದ ಒಂದು ದಿನದ ಮೇಲಾಗುತ್ತದೆ. ಬೆಳಿಗ್ಗೆ ಕೂಗಿದ ಹಸುವಿಗೆ ಗರ್ಭ ಕಟ್ಟಿಸಲು ‘ಸಂಜೆ ಡಾಕ್ಟ್ರನ್ನ ಕರಿ, ಈಗಲೇ ಬೇಡ’ ಎಂದು ಅಮ್ಮ ಹೇಳುವುದು ಈ ಲೆಕ್ಕಕ್ಕೇ.