ಐಪ್ಟೇಸಿಯಾ ಅಂದರೆ ಏನು?

ಉಪ್ಪುನೀರಿನ ಅಕ್ವೇರಿಯಂಗೆ ಹೊಸ ಕಲ್ಲು ಇಳಿಸಿ ಎರಡು-ಮೂರು ವಾರ ಆಗಿರುತ್ತದೆ. ಒಂದು ಸಂಜೆ ಕಲ್ಲಿನ ಸಂದಿಯಲ್ಲಿ ಪುಟ್ಟ ತೆಂಗಿನ ಮರದಂಥದ್ದೇನೋ ಕಾಣಿಸುತ್ತದೆ. ಅವರೆಕಾಳಿನಷ್ಟು ಎತ್ತರ, ಕಂದು ಬಣ್ಣದ ಕಾಂಡ, ತಲೆಯ ಮೇಲೆ ಸೂಜಿಯಂತೆ ಚೂಪಾದ ಗರಿಗಳು. ಮೈ ಅರೆಪಾರದರ್ಶಕ. ಬೆರಳು ಹತ್ತಿರ ಒಯ್ದರೆ ಸರಕ್ಕನೆ ಒಳಗೆ ಎಳೆದುಕೊಳ್ಳುತ್ತದೆ. ಅಯ್ಯೋ, ಎಷ್ಟು ಚೆಂದ ಇದೆ ಅಂತ ಮನೆಯವರನ್ನೆಲ್ಲ ಕರೆದು ತೋರಿಸುತ್ತೀರಿ. ಇದೇ ಐಪ್ಟೇಸಿಯಾ. ಅಕ್ವೇರಿಯಂ ಇಟ್ಟವರು ಬೈದುಕೊಂಡೇ ಹೇಳುವ ಹೆಸರು.

ಐಪ್ಟೇಸಿಯಾ ಒಂದು ಬಗೆಯ ಕಡಲ ಅನಿಮೋನ್. ಅನಿಮೋನ್ ಗಿಡವಲ್ಲ, ಹೂವಿನಂತೆ ಕಾಣುವ ಪ್ರಾಣಿ. ಹವಳಕ್ಕೂ ಜೆಲ್ಲಿಮೀನಿಗೂ ನೆಂಟ. ಕ್ಲೌನ್ ಮೀನು ಮನೆ ಮಾಡಿಕೊಳ್ಳುವ ದೊಡ್ಡ ಅನಿಮೋನ್‌ಗಳನ್ನು ಜನ ದುಡ್ಡು ಕೊಟ್ಟು ತರುತ್ತಾರೆ. ಐಪ್ಟೇಸಿಯಾ ಮಾತ್ರ ಕಲ್ಲಿಗೋ ಪಾಚಿಗೋ ಅಂಟಿಕೊಂಡು ಕರೆಯದೇ ಬರುತ್ತದೆ. ಗಾಜಿನಂತೆ ಕಾಣುವುದರಿಂದ ಗ್ಲಾಸ್ ಅನಿಮೋನ್ ಅಂತಲೂ ಕರೆಯುತ್ತಾರೆ. 2014ರಲ್ಲಿ ವಿಜ್ಞಾನಿಗಳು ಇದರ ಒಂದು ಪ್ರಭೇದವನ್ನು ಎಕ್ಸೈಪ್ಟೇಸಿಯಾ ಅನ್ನುವ ಹೊಸ ಕುಲಕ್ಕೆ ಸೇರಿಸಿದರು. ತೊಟ್ಟಿ ಇಟ್ಟವರಿಗೆ ಅದೆಲ್ಲ ಬೇಕಿಲ್ಲ, ಹಳೇ ಹೆಸರೇ ಬಾಯಲ್ಲಿ ಉಳಿದಿದೆ. ಮಜಾನೋ ಅನ್ನುವುದು ಇನ್ನೊಂದು ಪೀಡೆ. ಅದರ ಗರಿಗಳು ಗಿಡ್ಡ, ತುದಿ ಉಬ್ಬಿರುತ್ತದೆ, ಸ್ವಲ್ಪ ಹಸಿರು. ಎರಡನ್ನೂ ಸೇರಿಸಿ ಪೆಸ್ಟ್ ಅನಿಮೋನ್ ಅನ್ನುತ್ತಾರೆ.

ಒಂದೇ ಒಂದು ಇದ್ದರೆ ತೊಂದರೆ ಏನು? ಒಂದೇ ಇರುವುದಿಲ್ಲ, ಅದೇ ತೊಂದರೆ. ಇದು ಕಲ್ಲಿನ ಮೇಲೆ ಮೆಲ್ಲಗೆ ಜರುಗುವಾಗ ಪಾದದ ಚೂರುಗಳನ್ನು ಹಿಂದೆ ಬಿಟ್ಟು ಹೋಗುತ್ತದೆ. ಕಣ್ಣಿಗೆ ಬೀಳದಷ್ಟು ಸಣ್ಣ ಚೂರು. ಪ್ರತಿ ಚೂರೂ ಕೆಲವೇ ವಾರಗಳಲ್ಲಿ ಪೂರ್ತಿ ಅನಿಮೋನ್ ಆಗುತ್ತದೆ. ಹೊಲದಲ್ಲಿ ಜೇಕು ಕಿತ್ತವರಿಗೆ ಇದು ಗೊತ್ತು: ಮೇಲಿನ ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಮಣ್ಣಲ್ಲೇ ಇರುತ್ತದೆ. ಐಪ್ಟೇಸಿಯಾವನ್ನು ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿದರೆ, ಚಿಮಟದಿಂದ ಕಿತ್ತರೆ ಆಗುವುದೂ ಇದೇ. ನಾನೂ ಮೊದಲ ಸಲ ಉಜ್ಜಿದವನೇ. ಮೂರು ಇದ್ದದ್ದು ತಿಂಗಳೊಳಗೆ ಎಣಿಕೆಗೆ ಸಿಗದಷ್ಟಾಯಿತು.

ಕೆಣಕಿದರೆ ಮೈಯೊಳಗಿಂದ ಬಿಳಿ ದಾರದಂಥ ಎಳೆಗಳನ್ನು ಹೊರಗೆ ಎಸೆಯುತ್ತದೆ. ಅವುಗಳ ತುಂಬ ಚುಚ್ಚುವ ಕೋಶಗಳು. ಪಕ್ಕದ ಹವಳ ಮೈ ಮುದುಡಿಕೊಂಡು ಕೊನೆಗೆ ಜಾಗ ಬಿಟ್ಟುಕೊಡುತ್ತದೆ.

ಹಾಗಾದರೆ ಏನು ಮಾಡುವುದು? ನನ್ನ ಮಟ್ಟಿಗೆ ಮೊದಲ ಮದ್ದು ಸುಣ್ಣ. ಹೌದು, ಎಲೆ ಅಡಿಕೆಗೆ ಹಚ್ಚುವ ಅದೇ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸುಣ್ಣ ಜಾಸ್ತಿಯಾದರೆ ನಮ್ಮ ಬಾಯಿ ಸುಡುತ್ತದಲ್ವಾ, ಇಲ್ಲಿ ಸುಡಬೇಕಾದದ್ದು ಅದರ ಬಾಯಿ. ಎಲೆ ಅಡಿಕೆ ಡಬ್ಬಿಯನ್ನೇ ತೊಟ್ಟಿಗೆ ತರಬೇಡಿ, ಅದರಲ್ಲಿ ಏನೇನು ಬೆರೆತಿರುತ್ತದೋ. ಶುದ್ಧವಾದ ಪುಡಿ ತಂದು ಸ್ವಲ್ಪ ನೀರಲ್ಲಿ ಗಟ್ಟಿ ಗಂಜಿಯಂತೆ ಕಲಸಿ, ಸಿರಿಂಜ್‌ಗೆ ತುಂಬಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಪಂಪ್ ನಿಲ್ಲಿಸಿ, ನೀರು ಅಲ್ಲಾಡದಿರಲಿ. ಸಿರಿಂಜ್ ತುದಿಯನ್ನು ನಿಧಾನವಾಗಿ, ಅದಕ್ಕೆ ತಿಳಿಯದ ಹಾಗೆ, ಗರಿಗಳ ನಡುವಿನ ಬಾಯಿಯ ಮೇಲೆ ತಂದು ಗಂಜಿ ಬಿಡಿ. ಊಟ ಬಂತು ಅಂದುಕೊಂಡು ನುಂಗಿಕೊಳ್ಳುತ್ತದೆ. ಅವಸರ ಮಾಡಿದರೆ ಬಿಲದೊಳಗೆ ಹೋಗಿ ಕೂರುತ್ತದೆ, ಆ ದಿನದ ಕೆಲಸ ಮುಗಿದಂತೆ. ಹದಿನೈದು ನಿಮಿಷ ಬಿಟ್ಟು ಪಂಪ್ ಹಾಕಿ. ಒಂದೇ ದಿನ ನಾಲ್ಕೈದಕ್ಕಿಂತ ಜಾಸ್ತಿ ಬೇಡ. ಸುಣ್ಣಕ್ಕೆ ನೀರಿನ ಪಿಎಚ್ ಏರಿ ಮೀನುಗಳಿಗೆ ಕಷ್ಟವಾಗುತ್ತದೆ.

ಕಲ್ಲು ಹೊರಗೆ ತೆಗೆದು ಕುದಿಸಿಬಿಡೋಣ ಅಂತ ಕೆಲವರಿಗೆ ಅನಿಸುತ್ತದೆ. ದಯವಿಟ್ಟು ಬೇಡ. ಕಲ್ಲಿನ ಮೇಲಿರಬಹುದಾದ ಝೋವಾಂಥಿಡ್ ಜಾತಿಯ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಾರಿ ವಿಷ ಇರುತ್ತದೆ. ಕುದಿಸಿದಾಗ ಅದು ಆವಿಯ ಜೊತೆ ಮೂಗಿಗೆ ಸೇರುತ್ತದೆ. ಹೀಗೆ ಮನೆಮಂದಿ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ಇನ್ನೊಂದು ದಾರಿ, ತಿನ್ನುವವರನ್ನು ಬಿಡುವುದು. ಪೆಪ್ಪರ್‌ಮಿಂಟ್ ಸೀಗಡಿ ಕೆಲವು ಸಲ ತಿನ್ನುತ್ತದೆ, ಕೆಲವು ಸಲ ಸುಮ್ನೆ ಮೂಲೆ ಹಿಡಿಯುತ್ತದೆ. ಅದರಂತೆಯೇ ಕಾಣುವ ಕ್ಯಾಮಲ್ ಸೀಗಡಿ ಅಂಗಡಿಯಲ್ಲಿ ತಪ್ಪಿ ಕೈಗೆ ಬಂದರೆ ಹವಳಕ್ಕೇ ಬಾಯಿ ಹಾಕುತ್ತದೆ. ನಂಬಬಹುದಾದದ್ದು ಬರ್ಗಿಯಾ ಅನ್ನುವ ಕಡಲ ಗೊಂಡೆಹುಳ. ಹೆಬ್ಬೆರಳಿನ ಉಗುರಿನಷ್ಟು ಉದ್ದ, ಬೆನ್ನ ತುಂಬ ಗೊಂಚಲು. ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನುವುದಿಲ್ಲ. ತಿಂದ ಅನಿಮೋನ್‌ನ ಚುಚ್ಚುಕೋಶಗಳನ್ನೇ ಬೆನ್ನ ಗೊಂಚಲಲ್ಲಿ ಕೂಡಿಟ್ಟುಕೊಂಡು ತನ್ನ ಕಾವಲಿಗೆ ಬಳಸುತ್ತದೆ! ಪೀಡೆ ಮುಗಿದ ದಿನ ಅದಕ್ಕೆ ಉಪವಾಸ. ಆದ್ದರಿಂದ ಕೆಲಸ ಮುಗಿಯುವ ಮುಂಚೆಯೇ ಇನ್ನೊಬ್ಬರ ತೊಟ್ಟಿಗೆ ದಾಟಿಸುತ್ತಾರೆ.

ನಾವು ಇಷ್ಟೆಲ್ಲ ಪಾಡು ಪಟ್ಟು ಕೊಲ್ಲುವ ಈ ಪ್ರಾಣಿಯನ್ನು ಪ್ರಯೋಗಾಲಯಗಳಲ್ಲಿ ಆಸೆಪಟ್ಟು ಸಾಕುತ್ತಾರೆ. ಹವಳದಂತೆ ಇದರ ಮೈಯೊಳಗೂ ಸೂಕ್ಷ್ಮ ಪಾಚಿಗಳು ವಾಸ ಮಾಡಿ, ಬಿಸಿಲಿನಿಂದ ಆಹಾರ ತಯಾರಿಸಿ ಕೊಡುತ್ತವೆ. ಕಡಲು ಕಾದಾಗ ಹವಳ ಆ ಪಾಚಿಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಹಾಗೇ ಉಳಿದರೆ ಸಾಯುತ್ತದೆ. ಐಪ್ಟೇಸಿಯಾ ಪಾಚಿ ಕಳೆದುಕೊಂಡರೂ, ಊಟ ಹಾಕುತ್ತಿದ್ದರೆ ಬದುಕುತ್ತದೆ. ಪಾಚಿ ಇದ್ದಾಗ ಹೇಗೆ, ಇಲ್ಲದಾಗ ಹೇಗೆ ಅಂತ ಹೋಲಿಸಿ ನೋಡಲು ಇದಕ್ಕಿಂತ ಅನುಕೂಲದ್ದು ಸಿಗದು. ಒಂದರಿಂದ ನೂರು ತದ್ರೂಪಿಗಳು ಪುಕ್ಕಟೆಯಾಗಿ ಸಿಗುವುದೂ ಅಲ್ಲಿ ವರವೇ. 2015ರಲ್ಲಿ ಇದರ ಪೂರ್ತಿ ಜೀನೋಮ್ ಕೂಡ ಪ್ರಕಟವಾಯಿತು.

ನಮ್ಮ ತೊಟ್ಟಿಯ ವಿಷಯಕ್ಕೆ ಬಂದರೆ, ಸುಣ್ಣ ಹಾಕಿ ಒಂದು ವಾರ ಆದಮೇಲೆ ರಾತ್ರಿ ದೀಪ ಆರಿಸಿ, ಟಾರ್ಚ್ ಹಿಡಿದು ಕಲ್ಲಿನ ಹಿಂಭಾಗ ನೋಡಿ. ಕೊಂದ ಜಾಗದ ಸುತ್ತ ಸಾಸಿವೆಯಷ್ಟು ಗಾತ್ರದ ಕಂದು ಚುಕ್ಕೆಗಳು ಕಂಡರೆ ಸಿರಿಂಜ್ ತೊಳೆದು ಒಳಗಿಡಬೇಡಿ.